ಎಲ್ಲಾ ಬಾಗಿಲಿಗೂ ಒಂದೇ ಗುಲಾಬಿ

ಆ ಊರಿಗೆ ನಾನು ವರ್ಗವಾಗಿ ಹೋದ ಮೊದಲ ದಿನ ಪೋಸ್ಟ್ ಮಾಸ್ತರ ಮೌಲಾಸಾಬರು ಒಂದು ಕಟ್ಟು ಟಪಾಲನ್ನು ನನ್ನ ಮುಂದಿಟ್ಟು, "ಓದವ್ವ" ಅಂದರು. ಮೇಲಿನ ಲಕೋಟೆಯಲ್ಲಿ 'ಸಂಗಪ್ಪ' ಎಂದಷ್ಟೇ ಬರೆದಿತ್ತು. ಓಣಿಯ ಹೆಸರಿಲ್ಲ, ಮನೆ ನಂಬರಿಲ್ಲ. ಹೆಸರಿನ ಕೆಳಗೆ ಪೆನ್ನಿನಿಂದ ಬಿಡಿಸಿದ ಒಂದು ಹೂವಿತ್ತು. ಮೂರು ದಳ, ನಡುವೆ ಒಂದು ಕಣ್ಣು, ಕಣ್ಣಿಗೆ ರೆಪ್ಪೆ. ಎರಡನೆಯ ಲಕೋಟೆಯೂ ಸಂಗಪ್ಪನಿಗೇ. ಅದರ ಹೂವಿಗೆ ದಳಗಳ ಬದಲು ಬಾಚಣಿಗೆಯ ಹಲ್ಲುಗಳಿದ್ದವು. ಮೂರನೆಯದು ಸಂಗವ್ವನಿಗೆ. ಆ ಹೂವು ತಲೆಕೆಳಗಾಗಿತ್ತು, ಅದರ ದಂಟಿನ ಮೇಲೆ ಸಾಲಾಗಿ ಇರುವೆ ಹತ್ತುತ್ತಿದ್ದವು.

"ಊರಾಗ ಅರ್ಧ ಗಂಡಸರು ಸಂಗಪ್ಪ, ಅರ್ಧ ಹೆಂಗಸರು ಸಂಗವ್ವ. ಮನೀದೇವರ ಹೆಸರು, ಯಾರೂ ಬಿಡಂಗಿಲ್ಲ. ಗಂಡನ ಹೆಸರು ಬರದ್ರೂ ಸಂಗಪ್ಪ, ಅಪ್ಪನ ಹೆಸರು ಬರದ್ರೂ ಸಂಗಪ್ಪ. ಹೂ ನೋಡಿ ಹಂಚಬೇಕು" ಅಂದರು ಮೌಲಾಸಾಬರು.

ಆ ಊರಿನ ಬಾಗಿಲುಗಳ ಮೇಲೆ ದೊಡ್ಡವರು ಬರೆದದ್ದು ಯಾವುದೂ ನಿಲ್ಲುತ್ತಿರಲಿಲ್ಲ. ಪಂಚಾಯಿತಿಯವರು ಎಣ್ಣೆ ಬಣ್ಣದಲ್ಲಿ ನಂಬರು ಬರೆಸಿದರೆ ಬೆಳಗಾಗುವುದರೊಳಗೆ ಬಾಗಿಲು ತೊಳೆದಂತಾಗುತ್ತಿತ್ತು. ತಗಡಿನ ಫಲಕ ಹೊಡೆದರೆ ತಗಡು ಉಳಿಯುತ್ತಿತ್ತು, ಅಕ್ಷರ ಇರುತ್ತಿರಲಿಲ್ಲ. ಹತ್ತು ವರ್ಷದೊಳಗಿನ ಮಕ್ಕಳು ಸುಣ್ಣ, ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ ಕಲಸಿ ಬಿಡಿಸಿದ ಹೂವು ಮಾತ್ರ ಐದಾರು ವರ್ಷ ಮಳೆ ಬಿಸಿಲಿಗೆ ಜಗ್ಗದೆ ಇರುತ್ತಿತ್ತು. ಆಮೇಲೆ ಒಂದು ವಾರದಲ್ಲಿ ಅದು ತಾನಾಗಿ ಬಾಡಿ ಮಾಯವಾಗುತ್ತಿತ್ತು. ಆಗ ಮನೆಯ ಮಗುವೋ, ಮಗುವಿಲ್ಲದ ಮನೆಯಾದರೆ ನೆರೆಮನೆಯ ಮಗುವೋ ಹೊಸ ಹೂ ಬಿಡಿಸಬೇಕು. ಯಾಕೆ ಹೀಗೆ ಎಂದು ನಾನು ಕೇಳಿದ್ದು ಒಂದೇ ಸಲ. "ನಿಮ್ಮೂರಾಗ ಬಾಗ್ಲ ಮ್ಯಾಲ ನಂಬರು ಹೆಂಗ ನಿಲ್ತೈತಿ?" ಎಂದು ಮೌಲಾಸಾಬರು ತಿರುಗಿ ಕೇಳಿದರು.

ಜನ ಇದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಮಿಲಿಟರಿಯಲ್ಲಿದ್ದ ಗಂಡುಮಕ್ಕಳು ಪ್ರತಿ ಕಾಗದದ ಕೊನೆಗೆ 'ಹೂ ಬದಲಾಗಿದ್ದರೆ ತಿಳಿಸುವುದು' ಎಂದು ಬರೆಯುತ್ತಿದ್ದರು. ಹೊರಗೆ ಕೊಟ್ಟ ಹೆಣ್ಣುಮಕ್ಕಳು ತವರಿನ ಹೂವನ್ನು ಸೆರಗಿನ ಅಂಚಿಗೆ ದಾರದಲ್ಲಿ ಹಾಕಿಕೊಂಡಿರುತ್ತಿದ್ದರು. ವರ ನೋಡಲು ಬಂದ ಬೀಗರು ಬಸ್ಸಿಳಿದು, "ಹೊಟ್ಟಿ ದೊಡ್ಡದಿರೋ ಹೂವಿನ ಮನಿ ಎಲ್ಲೈತ್ರಿ?" ಎಂದು ಕೇಳುತ್ತಿದ್ದರು. ಸರಕಾರಿ ಅರ್ಜಿಗಳಲ್ಲಿ ವಿಳಾಸದ ಜಾಗಕ್ಕೆ ಜನ ತಮ್ಮ ಹೂ ಬಿಡಿಸಿ ಕೊಡುತ್ತಿದ್ದರು. ಗುಮಾಸ್ತರು ಗೊಣಗುತ್ತಲೇ ನಕಲು ಮಾಡುತ್ತಿದ್ದರು.

ನನಗೆ ಮಾತ್ರ ಮೊದಲ ತಿಂಗಳು ಕಷ್ಟವಾಯಿತು. ಚಿತ್ರವೆಂದರೆ ನನಗೆ ಹೆದರಿಕೆ. ನಾಲ್ಕನೇ ಇಯತ್ತೆಯಲ್ಲಿ ನಾನು ದಾಸವಾಳಕ್ಕೆ ನೀಲಿ ಬಣ್ಣ ಹಚ್ಚಿದ್ದಕ್ಕೆ ನಮ್ಮ ಮಾಸ್ತರು ಪಾಟಿಯನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿದ್ದರು. ಎಲ್ಲರೂ ನಕ್ಕರು. ಆಮೇಲೆ ನಾನು ಅಂಗಳದಲ್ಲಿ ರಂಗೋಲಿಯನ್ನೂ ಚುಕ್ಕಿ ಎಣಿಸಿಯೇ ಹಾಕಿದವಳು. ಅಂಥವಳಿಗೆ ಆರುನೂರು ಹೂಗಳನ್ನು ಗುರುತು ಹಿಡಿಯುವ ಕೆಲಸ. ಆದರೆ ಎರಡು ತಿಂಗಳಲ್ಲಿ ಕಣ್ಣು ಪಳಗಿತು. ಹೂ ಬಿಡಿಸಿದ ಮಗು ಎಂಥದ್ದು ಎಂಬುದೂ ತಿಳಿಯತೊಡಗಿತು. ಇದು ಅವಸರದ ಮಗು, ಇದು ಜಗಳಗಂಟಿ, ಇದು ಬಣ್ಣ ಮುಗಿದರೂ ಬಿಡದೆ ಇದ್ದಿಲಿನಿಂದ ಮುಗಿಸಿದ ಹಟಮಾರಿ. ಎರಡು ವರ್ಷ ನಾನು ಒಂದೇ ಒಂದು ಕಾಗದವನ್ನೂ ತಪ್ಪು ಮನೆಗೆ ಹಾಕಲಿಲ್ಲ. ಮಕ್ಕಳು ನನ್ನನ್ನು ಟಪಾಲಕ್ಕ ಎಂದು ಕರೆಯುತ್ತಿದ್ದರು.

ಮೂರನೆಯ ವರ್ಷ ಶಾಲೆಗೆ ತಿಪ್ಪೇಶ ಮಾಸ್ತರು ಬಂದರು. ನನ್ನ ಹಾಗೆಯೇ ಹೊರಗಿನವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಕ್ಕಳಿಗೆ ಒಂದು ದಿನವೂ ಕೈ ಎತ್ತದ ಮನುಷ್ಯ. ಅವರು ಬಂದ ಹೊಸದರಲ್ಲಿ ತಾಲೂಕಿನಿಂದ ಯಾರೋ ಅಧಿಕಾರಿಗಳು ಬಂದು ಓಣಿಗಳಲ್ಲಿ ತಿರುಗಾಡಿ, ಹಲ್ಲು ಬಂದ ಹೂವು, ಕಾಲು ಬಂದ ಹೂವು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರಿಗೆ ಅದು ನಾಟಿತು. ಮರುವಾರವೇ ಅವರು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಒಂದು ಗುಲಾಬಿ ಬಿಡಿಸಿ ತರಗತಿಯ ಗೋಡೆಗೆ ಹಚ್ಚಿದರು. ಐದು ದಳ, ನಡುವೆ ಸುರುಳಿ, ನೆಟ್ಟಗಿನ ದಂಟು, ಆಚೆಗೊಂದು ಈಚೆಗೊಂದು ಎಲೆ. ಸುಂದರವಾಗಿತ್ತು, ಸುಳ್ಳು ಹೇಳಬಾರದು. ಮಕ್ಕಳನ್ನು ಕೂರಿಸಿಕೊಂಡು, ಕೈ ಹಿಡಿದು, ಮೊದಲು ಸುರುಳಿ, ಆಮೇಲೆ ದಳ ಎಂದು ತಾಳ್ಮೆಯಿಂದ ಕಲಿಸಿದರು. ಸರಿಯಾಗಿ ಬಂದವರಿಗೆ ಪೆಪ್ಪರ್‌ಮಿಂಟು.

ತಾಯಿ ತಂದೆಯರಿಗೆ ಸಂತೋಷವೋ ಸಂತೋಷ. "ನಮ್ಮ ಬಾಗ್ಲಾಗ ಈಗ ಹೂವಿನಂಥಾ ಹೂ ಐತಿ" ಎಂದು ಹೇಳಿಕೊಂಡರು. ಹಳೆಯ ಹೂವು ಬಾಡಿದ ಮನೆಗಳಿಗೆಲ್ಲ ಗುಲಾಬಿ ಬಂತು. ಮೊದಲು ನಾಲ್ಕು, ಆಮೇಲೆ ನಲವತ್ತು. ಮಾಸ್ತರು ಬಂದು ಎರಡು ವರ್ಷವಾಗುವ ಹೊತ್ತಿಗೆ ಊರಿನ ಅರ್ಧ ಬಾಗಿಲುಗಳ ಮೇಲೆ ಅದೇ ಐದು ದಳ, ಅದೇ ಎರಡು ಎಲೆ. ನಾನು ಕೇಳಿ ಕೇಳಿ ಹಂಚುತ್ತಿದ್ದೆ. ಕಾರ್ಡಾದರೆ ಅದರ ಒಕ್ಕಣೆ, ಲಕೋಟೆಯಾದರೆ ಕಳಿಸಿದವರ ಹೆಸರು ಹೇಳಿ, "ನಿಮ್ಮದೇನ್ರೀ?" ಅನ್ನುತ್ತಿದ್ದೆ. ಮನೆಮನೆಯ ಸುದ್ದಿ ಹೀಗೆ ಬೀದಿಗೆ ಬೀಳುವುದು ನನಗೆ ಸರಿ ಕಾಣುತ್ತಿರಲಿಲ್ಲ. ಬೇರೆ ದಾರಿ ಇರಲಿಲ್ಲ.

ಅಗಸೆ ಓಣಿಯಲ್ಲಿ ಕೌದಿ ಹೊಲಿಯುವ ಒಬ್ಬ ಸಂಗವ್ವ ಇದ್ದಳು. ಅರವತ್ತು ದಾಟಿದವಳು. ಮಗ, ಸೊಸೆ ಇಟ್ಟಿಗೆ ಭಟ್ಟಿಗೆ ಹೋದರೆ ಮೊಮ್ಮಗಳು ದ್ಯಾಮಿಯನ್ನು ಎದುರು ಕೂರಿಸಿಕೊಂಡು ಹಗಲೆಲ್ಲ ಹೊಲಿಯುತ್ತಿದ್ದಳು. ಹಳೆಯ ಸೀರೆಗಳ ಮೇಲೆ ಅವಳು ಹಾಕುವ ಹೊಲಿಗೆ ಜೋಳದ ಕಾಳಿನ ಸಾಲಿನ ಹಾಗೆ ಇರುತ್ತಿತ್ತು. ಎರಡು ವರ್ಷದಿಂದ ಅವಳ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಪೂರ್ತಿ ಹೋಗಿ, ಬಲಗಣ್ಣಿನಲ್ಲಿ ಹೊಗೆಯ ಹಾಗೆ ಕಾಣುತ್ತಿತ್ತು. ಕಣ್ಣಿನ ಆಸ್ಪತ್ರೆಯವರು ಊರಿನ ಮುದುಕರನ್ನೆಲ್ಲ ಒಂದು ಶಿಬಿರದಲ್ಲಿ ಪರೀಕ್ಷೆ ಮಾಡಿ, ಆಪರೇಷನ್ನಿಗೆ ಯಾವ ದಿನ ಬರಬೇಕೆಂದು ಕಾಗದ ಬರುತ್ತದೆ ಎಂದು ಹೇಳಿ ಹೋಗಿದ್ದರು. ಅರ್ಜಿಯಲ್ಲಿ ಸಂಗವ್ವನ ಮಗ ತನ್ನ ಬಾಗಿಲಿನ ಗುಲಾಬಿಯನ್ನೇ ಬಿಡಿಸಿ ಕೊಟ್ಟಿದ್ದ. ಅದನ್ನು ಬಾಗಿಲಿಗೆ ಹಾಕಿದವಳು ದ್ಯಾಮಿ. ಆಗ ಅವಳಿಗೆ ಆರು ವರ್ಷ. ಆ ಗುಲಾಬಿಗೆ ಅವಳಿಗೆ ಎರಡು ಪೆಪ್ಪರ್‌ಮಿಂಟು ಸಿಕ್ಕಿತ್ತು.

ಒಂದು ದಿನ ನಾನು ಅಗಸೆ ಓಣಿಯಲ್ಲಿ ಹೋಗುವಾಗ ಸಂಗವ್ವ ನನ್ನ ಚಪ್ಪಲಿಯ ಸದ್ದು ಹಿಡಿದು, "ದಾಕ್ಷಾಣಿ, ನಂದೇನರ ಬಂತೇನವ್ವಾ?" ಎಂದು ಕೇಳಿದಳು. "ಏನು ಬರಬೇಕಿತ್ತಬೇ?" ಅಂದೆ. "ಕಣ್ಣಿನ ದವಾಖಾನಿದು. ಮಂದಿಗೆಲ್ಲಾ ಬಂದಾವಂತ."

ಹನ್ನೆರಡು ದಿನದ ಹಿಂದೆ ಆಸ್ಪತ್ರೆಯ ಲಕೋಟೆಯೊಂದನ್ನು ನಾನೇ ಕೊಟ್ಟಿದ್ದೆ. ಸಂಗವ್ವ, ಗುಲಾಬಿ. ಆದರೆ ಕೊಟ್ಟಿದ್ದು ಬಾವಿ ಓಣಿಯ ಸಂಗವ್ವನಿಗೆ. ಅವಳಿಗೂ ಕಣ್ಣು ಮಂಜು, ಅವಳ ಬಾಗಿಲಲ್ಲೂ ಗುಲಾಬಿ. ಒಂದೇ ಉಸಿರಿಗೆ ಅಲ್ಲಿಗೆ ನಡೆದೆ. ಆ ಮುದುಕಿ ಮೊದಲು ಕಾಗದವೇ ಬಂದಿಲ್ಲ ಅಂದಳು. ಮಗ ಗದರಿದ ಮೇಲೆ ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ತಳದಿಂದ ಲಕೋಟೆ ತಂದು ಕೊಟ್ಟಳು. ಅದು ತನ್ನದೇ ಎಂದು ಅವಳು ನಂಬಿದ್ದಳು. "ಕಣ್ಣಾಗ ಕತ್ತಿ ಹಾಕ್ತಾರಂತ. ನಾ ಒಲ್ಲೆ. ಯಾರಿಗೂ ಗೊತ್ತಾಗಬಾರದಂತ ಬಚ್ಚಿಟ್ಟಿದ್ದೆ" ಎಂದು ನೆಲ ನೋಡುತ್ತ ಹೇಳಿದಳು. ಲಕೋಟೆಗೆ ಹಿಟ್ಟು ಮೆತ್ತಿತ್ತು. ಒಳಗೆ ಉದ್ಯೋಗ 'ಕೌದಿ ಹೊಲಿಗೆ' ಎಂದಿತ್ತು, ಬರಬೇಕಾದ ತಾರೀಖು ಮುಗಿದು ಮೂರು ದಿನವಾಗಿತ್ತು.

ಮೌಲಾಸಾಬರು ಅಂಚೆ ಕಚೇರಿಯ ಫೋನಿನಿಂದ ಆಸ್ಪತ್ರೆಗೆ ಮಾತಾಡಿದರು. ಆ ಸರದಿ ತಪ್ಪಿದರೆ ಇನ್ನು ನಾಲ್ಕು ತಿಂಗಳು ಕಾಯಬೇಕು, ಹೆಸರು ಬರೆದುಕೊಂಡಿದ್ದೇವೆ, ಕಾಗದ ಕಳಿಸುತ್ತೇವೆ ಅಂದರಂತೆ. ಆ ಸುದ್ದಿ ಹೊತ್ತು ಅಗಸೆ ಓಣಿಗೆ ಹೋಗುವುದು ನನ್ನ ಕೆಲಸದಲ್ಲೇ ಅತಿ ಭಾರದ ಟಪಾಲಾಯಿತು. ಸಂಗವ್ವ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಕೇಳಿಸಿಕೊಂಡಳು. ಅವಳ ಎಡಗೈ ಹೆಬ್ಬೆರಳಿಗೆ ಸೂಜಿ ತಾಗಿ ತಾಗಿ ಗಾಯಗಳಾಗಿದ್ದವು.

"ನಾಕು ತಿಂಗಳಿಗೆ ಈ ಕಣ್ಣೂ ಹೋಗಿರ್ತೈತೇನೋ" ಅಂದಳು. ಸೂಜಿಯನ್ನು ಮತ್ತೆ ತಡಕಾಡಿ ಹಿಡಿದು, "ನಿನ್ನ ತಪ್ಪೇನೈತಿ. ಎಲ್ಲಾ ಬಾಗ್ಲಾಗೂ ಒಂದ ಹೂ ಇದ್ರ ನೀನರ ಏನ್ ಮಾಡ್ತಿ? ಕುಂದ್ರು, ಚಾ ಕುಡದು ಹೋಗು" ಅಂದಳು.

ದ್ಯಾಮಿ ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂಬುದು ನನಗೆ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಆ ದಾರಿಯಲ್ಲಿ ಬಂದರೆ ಹುಡುಗಿ ಬಾಗಿಲಿಗೆ ಎದುರಾಗಿ ಕುಕ್ಕರುಗಾಲಲ್ಲಿ ಕೂತು ಗುಲಾಬಿಯನ್ನು ಕಲ್ಲಿನಿಂದ ಕೆರೆಯುತ್ತಿದ್ದಳು. ಕಟ್ಟಿಗೆಯ ಸಿಬಿರು ಏಳುತ್ತಿತ್ತು, ಬಣ್ಣ ಏಳುತ್ತಿರಲಿಲ್ಲ. ಬೆರಳಿನ ಗಂಟು ತರಚಿ ರಕ್ತ ಬಂದಿತ್ತು. ನಾನು ಕಲ್ಲು ಕಸಿದುಕೊಂಡೆ.

"ಇದರಿಂದನ ಆಯಿಯ ಕಣ್ಣು ಹೋಗಾಕತ್ತಾವು. ನಾನ ಬರದದ್ದು" ಅಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆ ದಿನ ಟಪಾಲು ಮುಗಿಸಿ ನೇರವಾಗಿ ಶಾಲೆಗೆ ಹೋದೆ. ಜಗಳ ಮಾಡಬೇಕೆಂದೇ ಹೋಗಿದ್ದೆ. ತಿಪ್ಪೇಶ ಮಾಸ್ತರು ಖುರ್ಚಿ ಎಳೆದು ಕೂರಿಸಿ, ಪೂರ್ತಿ ಕೇಳಿದರು. ಮುಖ ಬಾಡಿತು.

"ನಾನು ಬಂದಾಗ ಈ ಮಕ್ಕಳ ಹೂವಿಗೆ ಹಲ್ಲಿತ್ತು, ಮೂಗಿತ್ತು. ಹೊರಗಿನವರು ನಕ್ಕರು. ಇನ್ನು ಯಾರೂ ನನ್ನ ಮಕ್ಕಳನ್ನು ನೋಡಿ ನಗಬಾರದು ಅಂತ ಕಲಿಸಿದೆ. ಅದು ತಪ್ಪಾ?" ಅಂದರು.

"ಕಲಿಸಿದ್ದು ತಪ್ಪಲ್ಲ ಸರ್" ಅಂದೆ. "ಆದರೆ ಆ ಹಲ್ಲಿನ ಹೂವು ಯಾರ ಮನೇದು ಅಂತ ನನಗೆ ಕತ್ತಲಲ್ಲೂ ಗೊತ್ತಿತ್ತು."

ಅವರು ಗೋಡೆಯ ಗುಲಾಬಿಯನ್ನೇ ನೋಡುತ್ತ ಕೂತರು. ಆಮೇಲೆ, ತಮ್ಮ ಹಾಸ್ಟೆಲಿನ ದಿನಗಳಲ್ಲಿ ಯಾರೋ ಹಿರಿಯ ಹುಡುಗ ಈ ಗುಲಾಬಿ ಹೇಳಿಕೊಟ್ಟನೆಂದೂ, ಅದನ್ನು ನೋಡಿ ವಾರ್ಡನ್ನರು ಬೆನ್ನು ತಟ್ಟಿದ್ದೇ ತಮಗೆ ಆ ವಯಸ್ಸಿನಲ್ಲಿ ಸಿಕ್ಕ ಒಂದೇ ಶಹಬ್ಬಾಸೆಂದೂ ಹೇಳಿದರು. "ನನಗೂ ಬೇರೆ ಹೂ ಬರೋದಿಲ್ಲ ದಾಕ್ಷಾಯಣಿಯವರೇ. ಬರದೇ ಇದ್ದದ್ದನ್ನು ಹೇಗೆ ಕಲಿಸಲಿ?" ಎಂದು ಕೇಳಿದರು. ಜಗಳವಾಡಲು ಹೋದವಳು, "ಶನಿವಾರ ಒಂದು ತಾಸು ಮಕ್ಕಳನ್ನ ನನಗೆ ಬಿಟ್ಟುಕೊಡಿ" ಎಂದು ಕೇಳಿ ಬಂದೆ. ಹೊರಗೆ ಬಂದ ಮೇಲೆ ಯೋಚನೆಯಾಯಿತು. ನನಗಾದರೂ ಏನು ಬರುತ್ತಿತ್ತು?

ಶನಿವಾರ ನಾನು ಖಾಲಿ ಅಂಚೆಚೀಲ ಹಾಕಿಕೊಂಡೇ ಶಾಲೆಗೆ ಹೋದೆ. ಮೂವತ್ತೈದು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, "ಈ ಹಾಳಿ ನಿಮ್ಮ ಮನಿ ಬಾಗ್ಲ ಅಂತ ತಿಳ್ಕೊಳ್ರಿ. ಒಂದು ಹೂ ತಗೀರಿ. ನನಗ ಅದು ನಿಮ್ಮ ಮನಿ ಅಂತ ಗೊತ್ತಾಗಬೇಕು. ಮತ್ತ್ಯಾರ ಮನೀನೂ ಆಗಬಾರದು" ಅಂದೆ. ಅರ್ಧ ತಾಸಿನ ಮೇಲೆ ನೋಡಿದರೆ ಮೂವತ್ತೈದು ಗುಲಾಬಿಗಳು. ಕೆಲವರು ಪಾಪ ನನಗೆ ಖುಷಿಯಾಗಲೆಂದು ಇನ್ನೂ ಅಚ್ಚುಕಟ್ಟಾಗಿ ಬಿಡಿಸಿದ್ದರು.

"ಬ್ಯಾರೆ ತಗೀರಿ" ಅಂದೆ. "ಹೂ ಅಂದ್ರ ಹಿಂಗ ಇರ್ತೈತಿ ಟಪಾಲಕ್ಕ" ಅಂದ ಹುಸೇನಿ ಎಂಬ ಹುಡುಗ. ಮಾಬುಬಿ ಎಂಬ ಹುಡುಗಿ ರಬ್ಬರು ಹಿಡಿದು ಒಂದು ಗೆರೆ ಹಾಕುವುದು, ಎರಡು ಸಲ ಒರೆಸುವುದು ಮಾಡುತ್ತಿದ್ದಳು. ಹಾಳೆ ಹರಿಯುವ ಹಾಗಾಗಿತ್ತು. "ಯಾಕವ್ವ?" ಎಂದು ಕೇಳಿದೆ. "ತಪ್ಪಾದ್ರ?" ಅಂದಳು.

ಆ ಮಾತಿಗೆ ನನ್ನ ಪಾಟಿ ನೆನಪಾಯಿತು. ಇವರಿಗೆ ಧೈರ್ಯ ಹೇಳುವ ಅರ್ಹತೆ ನನಗಿಲ್ಲ ಎನಿಸಿತು. ಎದ್ದು ಹೋಗಿ ಸುಣ್ಣದ ಕಡ್ಡಿ ತೆಗೆದುಕೊಂಡು ಕರಿಹಲಗೆಯ ಮುಂದೆ ನಿಂತೆ. ಇಪ್ಪತ್ತೆಂಟು ವರ್ಷದ ಮೇಲೆ ಮೊದಲ ಸಲ ಚುಕ್ಕಿ ಇಲ್ಲದೆ ಒಂದು ಹೂ ಬಿಡಿಸಿದೆ. ಕೈ ನಡುಗುತ್ತಿತ್ತು. ಒಂದು ದಳ ಬದನೆಕಾಯಿಯಾಯಿತು. ಇನ್ನೊಂದು ಹಲಗೆಯ ಅಂಚಿಗೆ ಹೋಗಿ ಜಾಗ ಸಾಲದೆ ಮಡಚಿಕೊಂಡಿತು. ದಂಟು ಡೊಂಕಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ನಾನೂ ತಿರುಗಿ ನೋಡಿ ನಕ್ಕುಬಿಟ್ಟೆ. ಆ ನಗು ನನ್ನನ್ನು ಚುಚ್ಚಲಿಲ್ಲ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ.

"ಕೆಟ್ಟೈತಲ್ಲ?" ಎಂದು ಕೇಳಿದೆ. "ಭಾಳ ಕೆಟ್ಟೈತಿ" ಅಂದ ಹುಸೇನಿ. "ಇದನ್ನ ನೂರು ಬಾಗ್ಲದಾಗ ಹುಡುಕಂದ್ರ ಹುಡುಕ್ತೀಯೇನು?" "ಕಣ್ಣು ಮುಚ್ಚಿ ಹುಡುಕ್ತೀನಿ" ಅಂದ. "ಅಷ್ಟ ನನಗ ಬೇಕಾಗಿರೋದು. ತಪ್ಪಾದ್ರನ ನನಗ ನಿಮ್ಮ ಮನಿ ಸಿಗತೈತಿ" ಅಂದೆ.

ಮಾಬುಬಿ ರಬ್ಬರನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಅವರಿಗೆ ಏನು ಬಿಡಿಸಬೇಕೆಂದು ನಾನು ಹೇಳಲಿಲ್ಲ. ಹೇಳಲು ಬರುತ್ತಲೂ ಇರಲಿಲ್ಲ. ಬರೀ ಕೇಳುತ್ತ ಹೋದೆ. ನಿಮ್ಮ ಮನೆಯ ಮುಂದೆ ಏನಿದೆ, ನಿಮ್ಮನೆ ಹೂವಿಗೆ ಹಸಿವಾದರೆ ಏನು ತಿನ್ನುತ್ತದೆ, ಅದಕ್ಕೆ ಚಳಿಯಾದರೆ? ಕುಂಬಾರರ ಹುಡುಗ ಗಡಿಗೆಯಂಥ ಹೂ ಬಿಡಿಸಿದ. ಹುಸೇನಿ ಹೂವಿಗೆ ಕೊಡೆ ಹಿಡಿಸಿದ. ಮಾಬುಬಿಯದು ಹಾಳೆಯ ಮೂಲೆಯಲ್ಲಿ ಗುಬ್ಬಚ್ಚಿಯಷ್ಟೇ ಇತ್ತು. ಆದರೆ ಅದರ ಬೇರು ಹಾಳೆ ತುಂಬ ಹರಡಿತ್ತು. ತಾಸು ಮುಗಿದರೂ ಯಾರೂ ಏಳಲಿಲ್ಲ. ತಿಪ್ಪೇಶ ಮಾಸ್ತರು ಗಂಟೆ ಬಾರಿಸುವುದನ್ನು ಬಿಟ್ಟು ಬಾಗಿಲಲ್ಲಿ ನಿಂತಿದ್ದರು.

ದ್ಯಾಮಿ ಮಾತ್ರ ಏನೂ ಬಿಡಿಸಿರಲಿಲ್ಲ. "ಹಾಳಿ ಮ್ಯಾಲ ತಗದ್ರ ಏನಾಗ್ತೈತಿ? ಬಾಗ್ಲದ್ದು ಇನ್ನ ನಾಕು ವರ್ಷ ಹೋಗಂಗಿಲ್ಲ" ಅಂದಳು. ಮಾಬುಬಿ ತನ್ನ ಹಾಳೆಯಿಂದ ತಲೆ ಎತ್ತದೆಯೇ, "ಹೋಗದಿದ್ರ ಇರಲಿ. ಅದಕ್ಕ ಇನ್ನೊಂದೀಟು ಬರಿ" ಅಂದಳು.

ಇಷ್ಟು ವರ್ಷ ಆ ಊರಿನಲ್ಲಿ ಯಾರಿಗೂ ಹೊಳೆಯದ ಮಾತು ಅದು. ಬೇಕೆನಿಸಿಯೇ ಇರಲಿಲ್ಲ. ಬಿಡಿಸಿದ ಹೂವಿಗೆ ಆಮೇಲೆ ಏನಾದರೂ ಸೇರಿಸಿದರೆ ನಿಲ್ಲುತ್ತದೋ ಇಲ್ಲವೋ ಎಂಬುದು ಮೌಲಾಸಾಬರಿಗೂ ಗೊತ್ತಿರಲಿಲ್ಲ. ಆ ಸಂಜೆ ದ್ಯಾಮಿ ಸುಣ್ಣ ಕಲಸಿಕೊಂಡು ಕೂತಳು. ಕುಂಚವನ್ನು ಒತ್ತಟ್ಟಿಗಿಟ್ಟು ಬೇವಿನ ಕಡ್ಡಿ ಹಿಡಿದಳು. ಗುಲಾಬಿಯ ಒಂದೊಂದು ದಳದ ಸುತ್ತ, ಒಳಗೆ, ಹೊರಗೆ ಸಣ್ಣ ಸಣ್ಣ ಬಿಳಿ ಗೆರೆ ಹಾಕತೊಡಗಿದಳು. ಅಜ್ಜಿಯ ಹೊಲಿಗೆಯದೇ ಅಳತೆ, ಅದೇ ಅಂತರ. ದಳ ಮುಗಿದ ಮೇಲೂ ನಿಲ್ಲಿಸಲಿಲ್ಲ. ಎಲೆಗೆ ಕೆಮ್ಮಣ್ಣಿನ ತೇಪೆ ಹಾಕಿ ಅದನ್ನೂ ಹೊಲಿದಳು. ಕೊನೆಗೆ ದಂಟಿನ ತುದಿಯಿಂದ ಒಂದು ದಾರ ಎಳೆದು ಅದಕ್ಕೊಂದು ಸೂಜಿ ಪೋಣಿಸಿದಳು. ಸಂಗವ್ವ ಪಕ್ಕದಲ್ಲೇ ಕೂತು, "ಏನ್ ಮಾಡಾಕತ್ತೀಯೇ?" ಎಂದು ಕೇಳುತ್ತಿದ್ದಳು. ಹುಡುಗಿ ಕಡ್ಡಿಯನ್ನು ಮತ್ತೆ ಸುಣ್ಣಕ್ಕೆ ಅದ್ದುತ್ತಿದ್ದಳು.

ಬೆಳಿಗ್ಗೆ ಹಾಲಿನವನಿಗಿಂತ ಮೊದಲು ನಾನು ಅಗಸೆ ಓಣಿಯಲ್ಲಿದ್ದೆ. ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಬೆರಳು ಉಗುಳಿಗೆ ತೋಯಿಸಿ ಒಂದು ಗೆರೆ ತಿಕ್ಕಿ ನೋಡಿದೆ. ಅದು ಜಗ್ಗಲಿಲ್ಲ. ದ್ಯಾಮಿ ಕಣ್ಣುಜ್ಜುತ್ತ ಹೊರಗೆ ಬಂದವಳು ನನ್ನ ಕಾಲು ತಬ್ಬಿಕೊಂಡಳು. ಅವಳು ಅತ್ತದ್ದು ಆಗ.

ಆ ವಾರ ಊರಿಗೆ ಊರೇ ಹಬ್ಬದ ಹಾಗಿತ್ತು. ಮಕ್ಕಳು ತಮ್ಮ ತಮ್ಮ ಗುಲಾಬಿಯ ಮುಂದೆ ಬಟ್ಟಲು ಹಿಡಿದು ಕೂತರು. ಒಂದು ಗುಲಾಬಿಗೆ ಗೆಜ್ಜೆ ಬಂತು. ಒಂದಕ್ಕೆ ಮೀಸೆ. ಒಂದರ ದಂಟು ಬಾಗಿಲು ದಾಟಿ ಹೊಸ್ತಿಲಿನ ಮೇಲೆ ಮಲಗಿತು. ಬಾವಿ ಓಣಿಯ ಸಂಗವ್ವನ ಮೊಮ್ಮಗ ತನ್ನ ಅಜ್ಜಿಗೆ ಹೆದರಿಕೆ ಹೋಗಲೆಂದು ಗುಲಾಬಿಗೆ ಕನ್ನಡಕ ಹಾಕಿದ. ಕೆಲವು ತಾಯಂದಿರು ಗೊಣಗಿದರು. "ಚಂದಾಗಿದ್ದದ್ದನ್ನ ಕೆಡಿಸಿದ್ರು" ಎಂದು ಒಬ್ಬಳು ನನ್ನೊಡನೆ ಎರಡು ತಿಂಗಳು ಮಾತು ಬಿಟ್ಟಳು. ಅವಳ ಮಗಳು ಹೂವಿನ ಬಾಯಿಗೆ ರೊಟ್ಟಿ ಕೊಟ್ಟಿದ್ದಳು.

ತಿಪ್ಪೇಶ ಮಾಸ್ತರು ಒಂದು ಭಾನುವಾರ ಪೂರ್ತಿ ಓಣಿ ಓಣಿ ಸುತ್ತಿ ಮಕ್ಕಳು ಕೈಯಾಡಿಸಿದ ಬಾಗಿಲುಗಳನ್ನೆಲ್ಲ ನೋಡಿದರು. ಪ್ರತಿಯೊಂದರ ಒಳಗೂ ಅವರ ಗುಲಾಬಿ ಇತ್ತು. ಹುಡುಕಿದರೆ ಮಾತ್ರ ಕಾಣುತ್ತಿತ್ತು. ಅವರಿಗೆ ನೋವಾಯಿತೇನೋ ಎಂದು ನಾನು ಅಳುಕುತ್ತಿದ್ದೆ. ಸೋಮವಾರ ಅವರು ತರಗತಿಯ ಗೋಡೆಯಿಂದ ಆ ಹಾಳೆಯನ್ನು ಬಿಚ್ಚಿ ಮಡಚಿಟ್ಟು ಮಕ್ಕಳ ನಡುವೆ ಚಾಪೆಯ ಮೇಲೆ ಕೂತರಂತೆ. "ನನಗೂ ಒಂದು ಹೇಳಿಕೊಡಿ" ಅಂದರಂತೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹುಸೇನಿ, "ಮೊದಲ ಕಣ್ಣು ಮುಚ್ಚರಿ ಸರ್" ಎಂದನಂತೆ. ಅವರು ಮುಚ್ಚಿದರು. ಅವತ್ತು ಅವರು ಬಿಡಿಸಿದ ಹೂವನ್ನು ನನಗೆ ತೋರಿಸಲಿಲ್ಲ. ಆದರೆ ಆಮೇಲೆ ಪ್ರತಿ ಶನಿವಾರ ಆ ಒಂದು ತಾಸು ಅವರೂ ಕೂರುತ್ತಿದ್ದರು, ನಾನೂ ಕೂರುತ್ತಿದ್ದೆ. ಮಕ್ಕಳು ನಮ್ಮಿಬ್ಬರನ್ನೂ ಸಮನಾಗಿ ತಿದ್ದುತ್ತಿದ್ದರು. ಅವರ ಋಣ ನನ್ನ ಮೇಲೆ ಈಗಲೂ ಇದೆ. ನಾನು ಕೇಳಿದ್ದು ನನ್ನ ಕೆಲಸ ಹಗುರವಾಗಲಿ ಎಂದಷ್ಟೇ. ಅವರು ನನ್ನ ಕೈಯೊಳಗಿನ ನಡುಕವನ್ನೇ ತೆಗೆದರು.

ಮೌಲಾಸಾಬರು ದ್ಯಾಮಿಯ ಹೊಸ ಹೂವನ್ನು ಒಂದು ಹಾಳೆಯ ಮೇಲೆ ಅವಳಿಂದಲೇ ಬರೆಸಿ, ಬಾವಿ ಓಣಿಯ ಕನ್ನಡಕದ ಹೂವನ್ನೂ ಜೊತೆಗಿಟ್ಟು, ಮೇಲೆ ವಿವರ ಬರೆದು ಆಸ್ಪತ್ರೆಗೆ ಕಳಿಸಿದರು. ನಾಲ್ಕು ತಿಂಗಳು ನಿಧಾನವಾಗಿ ಸರಿದವು. ಸಂಗವ್ವನ ಬಲಗಣ್ಣು ದಿನದಿನಕ್ಕೆ ಇಳಿಯಿತು. ಸಂಜೆಯ ಹೊತ್ತು ದ್ಯಾಮಿ ಅವಳ ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಿದ್ದಳು. ಪ್ರತಿ ದಿನ ಬೆಳಿಗ್ಗೆ ಚೀಲ ಸುರಿದ ಕೂಡಲೇ ಆಸ್ಪತ್ರೆಯ ಲಕೋಟೆಗಾಗಿ ಕೈಯಾಡಿಸುತ್ತಿದ್ದೆ.

ಅದು ಒಂದು ಗುರುವಾರ ಬಂತು. ಆಸ್ಪತ್ರೆಯ ಗುಮಾಸ್ತ ಯಾರೋ, ಪಾಪ, ಅವನಿಗೂ ಚಿತ್ರ ಬರುತ್ತಿರಲಿಲ್ಲ. ಗುಲಾಬಿ ಕೋಸುಗಡ್ಡೆಯಂತಿತ್ತು. ಆದರೆ ಅದರ ಸುತ್ತ ಹೊಲಿಗೆ ಇತ್ತು, ಒಂದೊಂದಾಗಿ, ಬಿಡದೆ. ಮೂಲೆಯಲ್ಲಿ ಸೂಜಿಯೂ ಇತ್ತು. ಇಡೀ ಊರಿನಲ್ಲಿ ಹೊಲಿದ ಹೂವು ಒಂದೇ. ಮಿಕ್ಕ ಟಪಾಲು ಬಿಟ್ಟು ಅದೊಂದನ್ನೇ ಹಿಡಿದು ಓಡಿದೆ. ಅರ್ಧ ತಾಸಿನಲ್ಲಿ ಕಾಗದ ಸಂಗವ್ವನ ಕೈಯಲ್ಲಿತ್ತು. ಅವಳು ಅದನ್ನು ಎದೆಗೆ ಒತ್ತಿಕೊಂಡು, "ಓದು, ಇನ್ನೊಂದ ಸಲ ಓದು" ಎಂದು ಮೂರು ಸಲ ಓದಿಸಿದಳು. ಬಾವಿ ಓಣಿಯ ಸಂಗವ್ವನಿಗೂ ಕಾಗದ ಬಂದಿತ್ತು, ಕನ್ನಡಕದ ಹೂವಿನದು. "ನೀ ಬರ್ತೀಯಂದ್ರ ನಾನೂ ಬರ್ತೀನಿ" ಎಂದು ಇವಳ ಜೊತೆ ಅವಳೂ ಹೊರಟಳು. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಬುತ್ತಿ ಕಟ್ಟಿಕೊಂಡು ಹೋದರು.

ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣು ತಡವಾಗಿತ್ತು, ಅದು ಬರಲಿಲ್ಲ. ಆ ಮಾತು ಕೇಳಿದಾಗ ನನಗೆ ಹಿಟ್ಟು ಮೆತ್ತಿದ ಆ ಲಕೋಟೆ ಕಣ್ಣಮುಂದೆ ಬಂತು. ಸಂಗವ್ವ ಮಾತ್ರ, "ಸೂಜಿಗೆ ಒಂದ ಕಣ್ಣು, ನನಗೂ ಒಂದ ಕಣ್ಣು. ಸಾಕು" ಅಂದಳು.

ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕುವ ದಿನಗಳೂ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಟಪಾಲು ಹೊತ್ತು ಹೊರಟಾಗ ಅಜ್ಜಿ ಮೊಮ್ಮಗಳು ಓಣಿಯಲ್ಲಿದ್ದರು. ಸಂಗವ್ವ ತನ್ನ ಬಾಗಿಲನ್ನು ಅದಾಗಲೇ ನೋಡಿ ಮುಗಿಸಿದ್ದಳು. ಹೊಲಿಗೆ ಎಣಿಸಿದಳಂತೆ. ಎರಡು ಕಡೆ ಅಂತರ ಹೆಚ್ಚಾಗಿದೆ ಎಂದಳಂತೆ. ದ್ಯಾಮಿ ಅದನ್ನು ಹೆಮ್ಮೆಯಿಂದ ನನಗೆ ವರದಿ ಮಾಡಿದಳು. ಈಗ ಅವರು ಪಕ್ಕದ ಬಾಗಿಲ ಮುಂದೆ ನಿಂತಿದ್ದರು. ಕೊಡೆ ಹಿಡಿದ ಹೂವನ್ನು ಮುದುಕಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಹಿಂದೆ ಸರಿದು ನೋಡಿದಳು. ಮತ್ತೆ ಹತ್ತಿರ ಹೋದಳು.

"ಮಳಿ ಬಂದಿಲ್ಲ, ಕೊಡಿ ಯಾಕ?" ಎಂದು ಕೇಳಿದಳು.

"ಬಂದ್ರ ಅಂತ ಆಯಿ" ಅಂದಳು ದ್ಯಾಮಿ.

ಸಂಗವ್ವ ತಲೆಯಾಡಿಸಿ ಮುಂದಿನ ಬಾಗಿಲಿಗೆ ನಡೆದಳು. ನಾನು ಅವರನ್ನು ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಅವರ ಹಿಂದೆಯೇ ಒಂದೊಂದು ಬಾಗಿಲಿಗೂ ನಿಂತು ನಿಂತು ನಡೆದೆ. ಅಗಸೆ ಓಣಿ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅವತ್ತು ಊರಿಗೆಲ್ಲ ಟಪಾಲು ತಡವಾಯಿತು. ಯಾಕೆ ತಡ ಎಂದು ಯಾರೂ ಕೇಳಲಿಲ್ಲ.